ಚೌತಿಯ ದಿನ ಕಂಡ ಚಂದ್ರನ ಬೆನ್ನು

ಮಹದೇವಪುರದ ಹಳೇ ಊರು ಇದುವರೆಗೆ ಅನೇಕ ಗಹನವಾದ ಪ್ರಶ್ನೆಗಳನ್ನು ಎದುರಿಸಿದೆ. ಕೆರೆ ಎಲ್ಲಿ ಮುಗಿದು ಊರು ಎಲ್ಲಿ ಶುರುವಾಗುತ್ತದೆ ಎಂಬುದು ಅವುಗಳಲ್ಲಿ ಒಂದು. ಪ್ರತಿ ಮಳೆಗಾಲದಲ್ಲೂ ಕೆರೆಯೇ ಬಂದು ಅದಕ್ಕೆ ಉತ್ತರ ಹೇಳಿ ಹೋಗುತ್ತದೆ. ಆದರೆ ಹೋದ ವರ್ಷ ಗಣೇಶನ ಹಬ್ಬದಲ್ಲಿ ಎದ್ದ ಪ್ರಶ್ನೆಯ ಮುಂದೆ ಉಳಿದವೆಲ್ಲ ಚಿಲ್ಲರೆ. ಅದನ್ನು ಬಗೆಹರಿಸಲು ಒಬ್ಬ ಅರ್ಚಕರು, ಇಂಜಿನಿಯರಿಂಗ್ ಓದುವ ಒಬ್ಬ ಹುಡುಗಿ, ಒಬ್ಬ ಆಟೋ ಡ್ರೈವರು ಮತ್ತು ಶಿವಾಜಿನಗರದ ಒಬ್ಬ ಬೆಳ್ಳಿ ಕೆಲಸದವನು ತಂತಮ್ಮ ಕೈಲಾದಷ್ಟು ಶ್ರಮಿಸಿದರು. ಪ್ರಶ್ನೆ ಇಷ್ಟು: ಚೌತಿಯ ದಿನ ಮೊಬೈಲಿನಲ್ಲಿ ಕಂಡ ಚಂದ್ರ, ಚಂದ್ರನೋ ಅಲ್ಲವೋ?

ಕಂಡವನು ಮುನಿಆಂಜನಪ್ಪ. ಊರಿನವರ ಬಾಯಲ್ಲಿ ಬರೀ ಅಂಜನಪ್ಪ. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಇವನು ಬಾಡಿಗೆ ಮನೆಗಳನ್ನು ಬೆಳೆದಿದ್ದ. ಫಸಲು ಮೂರು ಅಂತಸ್ತಿನವರೆಗೆ ಬಂದಿತ್ತು. ಆದರೆ ಅವನು ಎದೆ ಮುಟ್ಟಿಕೊಂಡು ತನ್ನದು ಅನ್ನುತ್ತಿದ್ದುದು ಕಟ್ಟಡವನ್ನಲ್ಲ, ಕಿರೀಟವನ್ನು. ಬೀದಿಯ ಗಣಪತಿಗೆ ಒಂದು ಬೆಳ್ಳಿಯ ಕಿರೀಟವಿದೆ. ಅಂಜನಪ್ಪನ ಅಪ್ಪ ಶಿವಾಜಿನಗರದಲ್ಲಿ ಮಾಡಿಸಿ ತಂದದ್ದು. ಹಬ್ಬದ ಮೊದಲ ದಿನ ಮಾತ್ರ ಅದು ಗಣಪತಿಯ ತಲೆಯ ಮೇಲಿರುತ್ತದೆ. ಸಂಜೆ ಮಂಗಳಾರತಿಯಾದ ಮೇಲೆ ಇಳಿಸಿ, ಉಳಿದ ದಿನಗಳಿಗೆ ಜರಿ ಕಾಗದದ್ದು ತೊಡಿಸುತ್ತಾರೆ. ಯಾರ ಕೈ ಕಿರೀಟ ಇಳಿಸುತ್ತದೋ, ಮುಂದಿನ ಚೌತಿಯವರೆಗೆ ಅದು ಅವರ ಮನೆಯಲ್ಲಿ. ಬೀದಿಯ ಕಟ್ಟಳೆ ಇದು. ಅಪ್ಪನಿಗೆ ಕೈ ನಡುಗಲು ಶುರುವಾದ ವರ್ಷ ಅಣ್ಣ ಜ್ವರದಲ್ಲಿ ಮಲಗಿದ್ದ, ತಮ್ಮ ಇಳಿಸಿದ. ಅಲ್ಲಿಂದಾಚೆಗೆ ಆ ಕೈ ಅಂಜನಪ್ಪನದೇ.

ಅಣ್ಣ ಏನೂ ಅನ್ನಲಿಲ್ಲ. ಅಣ್ಣನ ಹೆಂಡತಿ ಮಾರಕ್ಕ ಅಂದಳು. ಅಣ್ಣ ತೀರಿಕೊಂಡು ವರ್ಷಗಳಾದರೂ ಎದುರು ಮನೆಯ ಜಗಲಿಯಲ್ಲಿ ಕೂತು ಅನ್ನುತ್ತಲೇ ಇದ್ದಳು. "ದೊಡ್ಡ ಮನೆ ಸೊತ್ತು ಚಿಕ್ಕ ಮನೆ ಬೀರೂಲಿ ಕುಂತೈತೆ. ಇರ್ಲಿ. ಗಣಪತಿ ನೋಡ್ತಾವ್ನೆ." ಗಣಪತಿ ಇಷ್ಟು ವರ್ಷವೂ ನೋಡಿದನೇ ಹೊರತು ಬೇರೇನೂ ಮಾಡಿರಲಿಲ್ಲ.

ಚೌತಿಯ ಮಧ್ಯಾಹ್ನ ಅಂಜನಪ್ಪ ನಡುಮನೆಯ ಸೋಫಾದಲ್ಲಿ ಕೂತಿದ್ದ. ಇಂದಿರಾನಗರದಿಂದ ಮಗಳ ಮಗಳು ನಿಖಿತಾ ಹಬ್ಬಕ್ಕೆ ಬಂದಿದ್ದಳು. ಅವಳು ಫೋನಿನಲ್ಲಿ ಏನನ್ನೋ ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಗ ಒಳಗಿಂದ ಅಜ್ಜಿ ಚಿಕ್ಕಮುನಿಯಮ್ಮ ಕಡುಬಿಗೆ ಕೈ ಹಾಕು ಬಾ ಎಂದು ಕರೆದಳು. "ತಾತ, ಇದು ಹಿಡ್ಕೊಂಡಿರು, ಹಿಟ್ಟಾಗುತ್ತೆ," ಎಂದು ಫೋನನ್ನು ಅವನ ಕೈಗಿಟ್ಟು ಹೋದಳು.

ಪರದೆಯ ಮೇಲೆ ನೆಲ. ಆಕಾಶದಿಂದ ನೋಡಿದ ನೆಲ. ಇದರಲ್ಲಿ ಅಂಜನಪ್ಪನಿಗೆ ಆಶ್ಚರ್ಯವೇನೂ ಆಗಲಿಲ್ಲ. ಭೂಮಿಯನ್ನು ಅದರ ಮೇಲೆ ನಿಂತು ನೋಡುವುದನ್ನು ಈ ಊರಿನವರು ಬಿಟ್ಟು ಬಹಳ ಕಾಲವಾಯಿತು. ಯಾರ ಕಾಂಪೌಂಡು ಯಾರ ಕಡೆಗೆ ಸರಿದಿದೆ, ರಾಜಕಾಲುವೆ ಯಾರ ಅಡುಗೆಮನೆಯ ಕೆಳಗೆ ಹೋಗುತ್ತದೆ, ಎಲ್ಲವನ್ನೂ ಅವರು ಫೋನಿನಲ್ಲಿ ಹದ್ದಿನಂತೆ ಮೇಲಿಂದಲೇ ನೋಡಿ ಜಗಳ ಶುರು ಮಾಡುವುದು. ಅಂಜನಪ್ಪ ಅಭ್ಯಾಸದ ಮೇಲೆ ಎರಡು ಬೆರಳಿಟ್ಟು ಅಗಲಿಸಿದ. ಬೂದು ಬಣ್ಣದ ನೆಲ ಹತ್ತಿರ ಬಂತು. ಎಲ್ಲಿ ನೋಡಿದರೂ ದುಂಡು ದುಂಡು ಗುಂಡಿ, ಗುಂಡಿಯೊಳಗೊಂದು ಗುಂಡಿ, ಏರಿಯ ಮೇಲೆ ಬಿದ್ದ ಬಂಡೆಗಳ ನೆರಳು ಕೂಡ ಸ್ಪಷ್ಟ. ಮೂಲೆಯಲ್ಲಿ ಅಳತೆಪಟ್ಟಿಯ ಗುರುತಿತ್ತು. ಅದನ್ನು ಒತ್ತಿ ಒಂದು ಗುಂಡಿಯ ಈ ದಡದಿಂದ ಆ ದಡಕ್ಕೆ ಬೆರಳೆಳೆದ. ಬಂದ ಅಂಕಿ ಮಾರತ್‌ಹಳ್ಳಿಯಿಂದ ಕೆ.ಆರ್. ಪುರದವರೆಗಿನ ದೂರಕ್ಕೂ ದೊಡ್ಡದಿತ್ತು. ಇಷ್ಟೊಂದು ಜಾಗ ಒಬ್ಬನ ಹೆಸರಲ್ಲಿ ಇರಲಾರದು ಎಂದುಕೊಂಡ. ಕಡುಬು ಬೇಯುವಷ್ಟು ಹೊತ್ತು ಆ ನೆಲದ ಮೇಲೆ ಹಾರಾಡಿದ.

ನಿಖಿತಾ ಕೈ ಒರೆಸಿಕೊಂಡು ಬಂದಾಗ ಕೇಳಿದ, "ಅಮ್ಮಿ, ಇದು ಹೊಸಕೋಟೆ ಆಚೆ ಅಲ್ವಾ? ಕ್ವಾರಿಗೆ ಕೊಟ್ಟು ಭೂಮಿ ಹಾಳ್ ಮಾಡವ್ರೆ. ಒಂದ್ ಜಾಲಿ ಗಿಡಾನೂ ಇಲ್ಲ."

"ತಾತ, ಅದು ಚಂದ್ರ."

"ಚಂದ್ರ ಅಂದ್ರೆ?"

"ಚಂದ್ರ ಅಂದ್ರೆ ಚಂದ್ರ. ಮೇಲಿರೋದು. ಅವನ ಸುತ್ತ ನೌಕೆಗಳು ಸುತ್ತಿ ಸುತ್ತಿ ತೆಗೆದಿರೋ ಫೋಟೋಗಳನ್ನ ಜೋಡ್ಸಿ ಮ್ಯಾಪ್ ಮಾಡಿದಾರೆ. ಆ್ಯಪ್ ಇದು. ಇಡೀ ಚಂದ್ರನ ಒಂದೊಂದು ಗುಂಡೀನೂ ನೋಡ್ಬಹುದು."

ಅಂಜನಪ್ಪ ಫೋನನ್ನು ಸೋಫಾದ ಮೇಲೆ ಬೋರಲು ಹಾಕಿದ. ಅದರ ಮೇಲೆ ಒಂದು ದಿಂಬು ಇಟ್ಟ. ಆಮೇಲೆ ಕೇಳಿದ, "ಇವತ್ತೇನು ದಿನ?"

ನಿಖಿತಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಕ್ಕಳು. ಚೌತಿಯ ಚಂದ್ರನನ್ನು ನೋಡಿದವನ ಮೇಲೆ ಮಾಡದ ಕಳ್ಳತನದ ಅಪವಾದ ಬರುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಚಿಕ್ಕವಳಿದ್ದಾಗ ಇದೇ ತಾತ ಅವಳ ತಲೆಯ ಮೇಲೆ ಟವೆಲ್ ಹಾಕಿ ಬೀದಿ ದಾಟಿಸಿದ್ದ.

"ತಾತ, ಅದು ಫೋಟೋ. ಯಾವತ್ತೋ ತೆಗೆದಿದ್ದು. ಚೌತಿ ದಿನ ತೆಗೆದಿದ್ದಲ್ಲ."

"ದೇವ್ರ ಮನೇಲಿ ಇರೋದು ಫೋಟೋನೇ. ಅದಕ್ಕೆ ಕೈ ಮುಗಿಯಲ್ವಾ?"

"ಇವತ್ತು ಮೇಲೆ ಇರೋದು ಉಗುರಿನಷ್ಟು ಚಂದ್ರ. ನೀನು ನೋಡಿದ್ದು ಪೂರ್ತಿ."

"ಅಂದ್ರೆ ಜಾಸ್ತಿನೇ ನೋಡ್ದಂಗಾಯ್ತು."

ನಿಖಿತಾ ಫೋನು ಎತ್ತಿಕೊಂಡು ಪರದೆ ನೋಡಿದಳು. ಅವಳ ಮುಖ ಅರಳಿತು. "ತಾತ, ಆರಾಮಾಗಿರು. ನೀನು ನೋಡಿದ್ದು ಚಂದ್ರನ ಹಿಂಭಾಗ. ಅದು ಭೂಮಿಯಿಂದ ಯಾರಿಗೂ ಕಾಣೋದೇ ಇಲ್ಲ. ಗಣಪತಿ ಬಿದ್ದಾಗ ನಕ್ಕಿದ್ದು ಮುಖ ತಾನೇ? ನೀನು ನೋಡಿದ್ದು ಬೆನ್ನು."

ಅಂಜನಪ್ಪ ಇದನ್ನು ಪ್ರಾಮಾಣಿಕವಾಗಿ ಪರಿಶೀಲಿಸಿದ. "ನಗೋವಾಗ ಭುಜಾನೂ ಅಲ್ಲಾಡ್ತದಲ್ಲ ಅಮ್ಮಿ," ಎಂದ.

ಬಗೆಹರಿಯದೆ ದೇವಸ್ಥಾನದ ಅರ್ಚಕರಿಗೆ ಫೋನು ಹಚ್ಚಿದ. ಹಿಂದೆ ಗಂಟೆ, ಮೈಕು, ಯಾರದೋ ಮಗುವಿನ ಅಳು. ಅರ್ಚಕರು ಅವಸರದಲ್ಲಿದ್ದರು. "ಅಂಜನಪ್ಪನವರೇ, ಆಕಾಶದ್ದು ನೋಡಬಾರದು ಅಂತ ಇರೋದು. ಫೋನಿನದು ಶಾಸ್ತ್ರದಲ್ಲಿ ಹೇಳಿಲ್ಲ."

"ಸ್ವಾಮಿ, ಕರೋನಾದಾಗ ನೀವು ಫೋನಲ್ಲೇ ದರ್ಶನ ಕೊಟ್ರಲ್ಲ. ಪುಣ್ಯ ಅಷ್ಟೇ ಬರ್ತದೆ ಅಂದ್ರಿ."

ಅರ್ಚಕರು, "ಬರುತ್ತೆ," ಎಂದರು.

"ಪುಣ್ಯ ಬರೋ ದಾರೀಲಿ ದೋಷ ಬರಲ್ವಾ?"

ತಾವೇ ಹಾಕಿದ ದಾರಿಯನ್ನು ಅರ್ಚಕರು ಮುಚ್ಚುವಂತಿರಲಿಲ್ಲ. "ಒಂದು ಕೆಲಸ ಮಾಡಿ. ಯಾರ ಹತ್ರಾನಾದ್ರೂ ನಾಲ್ಕು ಮಾತು ಬೈಸ್ಕೊಂಡ್ಬಿಡಿ. ಅಪವಾದ ಅಲ್ಲಿಗೇ ತೀರಿಹೋಗುತ್ತೆ. ಹಿಂದಿನೋರು ಅದಕ್ಕೇ ಪಕ್ಕದ ಮನೆ ಹೆಂಚಿಗೆ ಕಲ್ಲು ಹಾಕ್ತಿದ್ರು."

"ಹೆಂಡ್ತಿ ಬೈದ್ರೆ ನಡೀತದಾ?"

"ಅದು ನಿತ್ಯದ್ದು. ಇದಕ್ಕೆ ಬೇರೆಯವರೇ ಆಗಬೇಕು," ಎಂದು ಅರ್ಚಕರು ಫೋನಿಟ್ಟರು.

ಅಂಜನಪ್ಪನ ಭಯ ಬರೀ ಅಪವಾದದ್ದಲ್ಲ. ಅವನ ಹತ್ತಿರ ಕಳ್ಳತನದ ಆರೋಪ ಹೊರಿಸಬಹುದಾದ ಪರರ ಸೊತ್ತು ಇದ್ದದ್ದು ಒಂದೇ. ಇವತ್ತು ಸಂಜೆ ಅದನ್ನು ಇಳಿಸಿ ಮನೆಗೆ ತರಬೇಕಿತ್ತು. ಅದರ ಮೇಲೆ ಒಂದು ಮಾತು ಬಂದರೂ ಮುಂದೆ ಅವನ ಕೈಗೆ ಬೀದಿಯವರು ಜರಿ ಕಾಗದದ್ದನ್ನೂ ಕೊಡುವುದಿಲ್ಲ. ಸಂಜೆಯೊಳಗೆ ಬೈಸಿಕೊಳ್ಳಲೇಬೇಕು.

ಮಾಮೂಲಿ ದಿನಗಳಲ್ಲಿ ಬೆಂಗಳೂರಿನಲ್ಲಿ ಬೈಸಿಕೊಳ್ಳುವುದು ಕಷ್ಟವಲ್ಲ. ಮನೆಯಿಂದ ಹೊರಗೆ ಕಾಲಿಟ್ಟು ರಸ್ತೆ ದಾಟಲು ಹೊರಟರೆ ಸಾಕು. ಹಬ್ಬದ ದಿನ ಎಲ್ಲರೂ ಒಳ್ಳೆಯವರಾಗಿಬಿಟ್ಟಿರುತ್ತಾರೆ. ಅಂಜನಪ್ಪ ಯೋಚಿಸಿ ಬಾಡಿಗೆದಾರರಿಂದ ಶುರು ಮಾಡಿದ. ಮೇಲಿನ ರೂಮಿನಲ್ಲಿ ಯಾದಗಿರಿ ಕಡೆಯ ಆಟೋ ಡ್ರೈವರ್ ಮಾನಪ್ಪ ಮತ್ತು ಅವನ ಹೆಂಡತಿ ಯಂಕಮ್ಮ ಇದ್ದರು. ಯಂಕಮ್ಮ ಪಾತ್ರೆ ತೊಳೆಯುವ ಸದ್ದು ಕೇಳಿಸಿದ ಕೂಡಲೇ ಅಂಜನಪ್ಪ ಟ್ಯಾಂಕಿನ ವಾಲ್ವು ತಿರುಗಿಸಿ ನೀರು ನಿಲ್ಲಿಸಿದ. ಆಮೇಲೆ ಮೇಲೆ ಹತ್ತಿ ಬಾಗಿಲಲ್ಲಿ ನಿಂತ.

"ನೀರು ನಾನೇ ನಿಲ್ಸಿದ್ದು," ಎಂದ.

"ಹೌದ್ರಿ ಅಪ್ಪಾರ? ಏನರ ಕೆಲ್ಸ ಇರ್ಬೇಕು ಬಿಡ್ರಿ," ಎಂದಳು ಯಂಕಮ್ಮ, ಸೋಪಿನ ಕೈಯಲ್ಲೇ.

"ಕೆಲ್ಸ ಏನಿಲ್ಲ. ಸುಮ್ನೆ ನಿಲ್ಸಿದೆ."

"ನಿಮ್ಮ ನೀರು, ನಿಮ್ಮ ಟಾಕಿ. ಕೊಡದಾಗ ಹಿಡಿದಿಟ್ಟೀನ್ರಿ, ಸಾಕಾಗ್ತದ."

"ಸಿಟ್ಟು ಬರಲ್ವಾ ನಿಂಗೆ?"

"ಹಬ್ಬದ ದಿನ ಮಾಲಕ್ರ ಮ್ಯಾಲ ಎಂಥಾ ಸಿಟ್ಟ್ರಿ. ಒಂದೀಟು ಕರಿಗಡಬು ತಗೊಂಡು ಹೋಗ್ರಿ."

ಅಂಜನಪ್ಪ ತಟ್ಟೆ ಹಿಡಿದುಕೊಂಡು ಕೆಳಗಿಳಿದ. ಅವನು ಇಳಿದ ಮೇಲೆ ಯಂಕಮ್ಮ ಬಾಗಿಲು ಹಾಕಿ ಗಂಡನಿಗೆ ಹೇಳಿದ ಮಾತುಗಳು ನಾಲ್ಕಕ್ಕಿಂತ ಬಹಳ ಹೆಚ್ಚಿದ್ದವು, ಒಂದಕ್ಕಿಂತ ಒಂದು ಖಾರವಾಗಿದ್ದವು. ಆದರೆ ಕಿವಿಗೆ ಬೀಳದ ಬೈಗುಳಕ್ಕೆ ಫಲವಿಲ್ಲ.

ಉಳಿದದ್ದು ಕಲ್ಲು. ಮಾರಕ್ಕನ ಮನೆಗೆ ಹೆಂಚು ಹೋಗಿ ಆರ್‌ಸಿಸಿ ಬಂದು ಎಷ್ಟೋ ಕಾಲವಾಗಿತ್ತು, ಆದರೆ ತಾರಸಿಯ ಮೇಲೆ ಬಟ್ಟೆ ಒಣಗಿಸಲು ತಗಡಿನ ಶೀಟು ಹಾಕಿಸಿದ್ದಳು. ಅಂಜನಪ್ಪ ಸುತ್ತಮುತ್ತ ನೋಡಿ, ಕೈತೋಟದ ಕುಂಡದಿಂದ ಒಂದು ಕಲ್ಲು ಎತ್ತಿ ಎಸೆದ. ಈ ವಯಸ್ಸಿನಲ್ಲೂ ಗುರಿ ಚೆನ್ನಾಗಿತ್ತು. ಶೀಟು ಢಣ್ಣೆಂದಿತು. ಮಾರಕ್ಕ ಜಗಲಿಗೆ ಬಂದಳು.

"ಪಟಾಕಿ ಹೊಡೀತಾವೆ ನೋಡು ಮುಂಡೇವು," ಎಂದಳು ಮೇಲೆ ನೋಡುತ್ತ.

ಬೈಗುಳವೇನೋ ಬಂದಿತ್ತು, ಆದರೆ ವಿಳಾಸ ಬೇರೆ. ಅಂಜನಪ್ಪ ಬೀದಿ ದಾಟಿ ಹೋಗಿ ಮಣ್ಣಾದ ಕೈ ತೋರಿಸಿದ. "ಪಟಾಕಿ ಅಲ್ಲ ಅತ್ತಿಗೆ. ಕಲ್ಲು. ನಾನೇ ಹೊಡ್ದೆ."

ಮಾರಕ್ಕ ಅವನ ಮುಖವನ್ನೇ ನೋಡಿದಳು. ಮೈದುನ ತನ್ನೊಡನೆ ಕೊನೆಯ ಸಲ ತಮಾಷೆ ಮಾಡಿದ್ದು ಯಾವಾಗ ಎಂದು ನೆನಪಿಗೆ ಬರಲಿಲ್ಲವೆಂದು ಕಾಣುತ್ತದೆ. "ಹಬ್ಬದ ದಿನ ಹುಡುಗಾಟ ನೋಡು ಇವಂದು," ಎಂದು ನಕ್ಕು, ಬಾಳೆಹಣ್ಣು ಕೊಟ್ಟು ಕಳಿಸಿದಳು.

ಸಂಜೆ ಮಂಗಳಾರತಿಗೆ ಬೀದಿ ತುಂಬಿತ್ತು. ತಮಟೆ ನಿಂತಿತು. ಅಂಜನಪ್ಪ ರೂಢಿಯಂತೆ ಕೆಂಪು ವಸ್ತ್ರ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ಗಣಪತಿಯ ತಲೆಯ ಮೇಲೆ ಕಿರೀಟ ಹೊಳೆಯುತ್ತಿತ್ತು. ಕೈ ಚಾಚಿದ. ಬೆಳ್ಳಿಯ ಮೇಲೆ, ಪೆಂಡಾಲಿನ ದೊಡ್ಡ ಲೈಟು ದುಂಡಗೆ, ಬೆಳ್ಳಗೆ, ಒಂದಿಷ್ಟು ಕಲೆಗಳೊಂದಿಗೆ ಕಂಡಿತು. ಅಂಜನಪ್ಪನ ಕೈ ಅಲ್ಲೇ ನಿಂತಿತು. ಅವನ ತಲೆಯಲ್ಲಿ ಒಂದು ಲೆಕ್ಕಾಚಾರ ನಡೆಯಿತು, ಆಗ ಅದು ಬಹಳ ಸರಿಯಾಗಿ ತೋರಿತು: ಅಪವಾದ ಬರುವುದಾದರೆ ಇದರ ಮೇಲೆ; ಇದು ತನ್ನ ಮನೆಯಲ್ಲೇ ಇಲ್ಲದಿದ್ದರೆ ಅಪವಾದ ಕೂರಲು ಜಾಗವಿಲ್ಲ. ಒಂದು ವರ್ಷದ ಮಾತು. ಮುಂದಿನ ಚೌತಿಗೆ ಇಳಿಸಿಕೊಂಡರಾಯಿತು.

ಅವನು ಮೆಟ್ಟಿಲಿಳಿದು ಹೆಗಲ ವಸ್ತ್ರ ತೆಗೆದು ಮಾರಕ್ಕನ ಕಡೆ ಚಾಚಿದ. "ಅತ್ತಿಗೆ, ಈ ಸಲ ನೀವೇ ಇಳಿಸಿ."

"ತಾತ, ಬೇಡ," ಎಂದಳು ನಿಖಿತಾ ಮೆಲ್ಲಗೆ, ಅವನ ಅಂಗಿಯ ತೋಳು ಹಿಡಿದು. ಚಿಕ್ಕಮುನಿಯಮ್ಮ ತೋಳು ಹಿಡಿಯಲಿಲ್ಲ, ಗಂಡನನ್ನು ನೋಡಿದಳು ಅಷ್ಟೇ. ನಿತ್ಯದ ಬೈಗುಳವೂ ಆ ದಿನ ಅವಳ ಬಾಯಿಗೆ ಬರಲಿಲ್ಲ.

ಮಾರಕ್ಕ ಎದ್ದು ಬಂದಳು. ಮೊಮ್ಮಕ್ಕಳು ಆಕೆಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಕಿರೀಟವನ್ನು ಎರಡೂ ಕೈಯಲ್ಲಿ ಎತ್ತಿದಳು. ಅವಳ ಮುಖದಲ್ಲಿ ಸಂತೋಷ ಬರುತ್ತದೆಂದು ಅಂಜನಪ್ಪ ಕಾದ. ಬಂದದ್ದು ಸಂತೋಷವಲ್ಲ. ಕಿರೀಟವನ್ನು ಕೈಯಲ್ಲಿ ಒಂದೆರಡು ಸಲ ಮೇಲೆ ಕೆಳಗೆ ಆಡಿಸಿ, ತರಕಾರಿಯವನ ತೂಕದ ಮೇಲೆ ಅನುಮಾನ ಬಂದವಳಂತೆ ಹುಬ್ಬು ಗಂಟಿಕ್ಕಿದಳು.

ಬೆಳಿಗ್ಗೆ ಅಂಜನಪ್ಪ ಕಾಫಿ ಕುಡಿಯುತ್ತಿದ್ದಾಗ ಬಾಗಿಲಲ್ಲಿ ಮಾರಕ್ಕ ನಿಂತಿದ್ದಳು. ಕೈಯಲ್ಲಿ ವೈರ್ ಬುಟ್ಟಿ, ಬುಟ್ಟಿಯಲ್ಲಿ ಕಿರೀಟ, ಹಿಂದೆ ಅರ್ಧ ಬೀದಿ.

"ಅಂಜ್ನಪ್ಪ, ಇದು ಹಗುರ ಐತೆ."

"ಏನಂಗಂದ್ರೆ ಅತ್ತಿಗೆ?"

"ಹಗುರ ಐತೆ ಅಂದ್ರೆ ಹಗುರ ಐತೆ. ಮಾವ ಮಾಡ್ಸಿದ್ದು ಹಿಂಗಿರಲಿಲ್ಲ."

ಮಾರಕ್ಕ ಅದನ್ನು ಕೈಯಲ್ಲಿ ಹಿಡಿದದ್ದು ನಿನ್ನೆಯೇ ಮೊದಲು. ಅದಕ್ಕೆ ಮುಂಚೆ ಇಷ್ಟೂ ವರ್ಷ ಜಗಲಿಯಲ್ಲಿ ಕೂತು ಮನಸ್ಸಿನಲ್ಲೇ ಎತ್ತಿದ್ದಳು. ಹಾಗೆ ಎತ್ತಿ ಎತ್ತಿ ಅದು ಬಹಳ ಭಾರವಾಗಿತ್ತು.

"ಇಷ್ಟ್ ವರ್ಷ ಉಡದಂಗೆ ಹಿಡ್ಕೊಂಡಿದ್ದೋನು ನಿನ್ನೆ ಸುಮ್ ಸುಮ್ನೆ ಬಿಟ್ಕೊಟ್ಟೆ. ಯಾಕೆ? ಅಸಲಿ ಎಲ್ಲಿಟ್ಟಿದ್ದೀಯ?"

ಅಪವಾದ ಬಂದಾಗ ಹೀಗಿರುತ್ತದೆ ಎಂದು ಅಂಜನಪ್ಪ ಊಹಿಸಿರಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ನಡೆದದ್ದನ್ನು ಹೇಳಿದ. ಫೋನು, ಚಂದ್ರ, ಅರ್ಚಕರು, ನೀರಿನ ವಾಲ್ವು, ಕಲ್ಲು. ಹೇಳುತ್ತ ಹೇಳುತ್ತ ಅವನಿಗೇ ಅದು ಸುಳ್ಳಿನಂತೆ ಕೇಳಿಸತೊಡಗಿತು.

ಮಾರಕ್ಕ ಎಲ್ಲವನ್ನೂ ಕೇಳಿ ನಿಖಿತಾಳ ಕಡೆ ತಿರುಗಿದಳು. "ತೋರ್ಸಮ್ಮಿ, ನಿಮ್ಮ ತಾತ ನೋಡಿದ್ ಚಂದ್ರನ್ನ. ಚೌತಿ ಮುಗೀತಲ್ಲ."

ನಿಖಿತಾ ಆ್ಯಪ್ ತೆರೆದು ನಿನ್ನೆಯ ಜಾಗವನ್ನೇ ಹುಡುಕಿ ಹಿಡಿದಳು. ಮಾರಕ್ಕ ಕನ್ನಡಕ ಏರಿಸಿ ಬಗ್ಗಿದಳು. ಬೀದಿಯೂ ಬಗ್ಗಿತು.

"ಮೊಲ ಎಲ್ಲಿ?"

"ಈ ಕಡೆ ಮೊಲ ಕಾಣಲ್ಲ ದೊಡ್ಡಜ್ಜಿ. ಇದು ಹಿಂದಿನ ಕಡೆ. ತಡಿ, ತಿರುಗಿಸ್ತೀನಿ." ಬೆರಳೆಳೆದಳು. ಚಂದ್ರ ನಿಧಾನಕ್ಕೆ ಹೊರಳಿದ. ದೂರ ಮಾಡಿದಾಗ ಮೊಲದ ಕಿವಿ, ಬೆನ್ನು ಎಲ್ಲ ಬಂತು. ಮಾರಕ್ಕ ತನ್ನ ಬೆರಳಿಟ್ಟು ಅಗಲಿಸಿದಳು, ಮೊಲವನ್ನು ಹತ್ತಿರದಿಂದ ನೋಡಲು. ಮೊಲ ಹೋಯಿತು. ಕರಿ ನೆಲ, ಗುಂಡಿ, ಕಲ್ಲು.

"ಹತ್ರ ಹೋದ್ರೆ ಇಲ್ಲ. ದೂರ ಬಂದ್ರೆ ಐತೆ. ಹಿಂದ್ಗಡೆ ಇಲ್ವೇ ಇಲ್ಲ." ಮಾರಕ್ಕ ಕನ್ನಡಕ ತೆಗೆದಳು. "ಮೊಲ ಇಲ್ದಿದ್ದು ಚಂದ್ರ ಹೆಂಗಾಯ್ತದೆ? ಇವನು ನೋಡಿದ್ದು ಚಂದ್ರ ಅಲ್ಲ. ಚಂದ್ರ ಅಲ್ಲ ಅಂದ್ಮೇಲೆ ದೋಷ ಇಲ್ಲ. ದೋಷ ಇಲ್ಲ ಅಂದ್ಮೇಲೆ ಕಿರೀಟ ಬಿಟ್ಕೊಡೋಕೆ ಬೇರೆ ಕಾರಣ ಐತೆ."

ನಿಖಿತಾ ಬಾಯಿ ತೆರೆದಳು. ನಿನ್ನೆ ಮಧ್ಯಾಹ್ನವೆಲ್ಲ ತಾನು ವಾದಿಸಿದ್ದು ಇದನ್ನೇ ಎಂದು ಹೊಳೆದು ಮುಚ್ಚಿದಳು.

"ಅದು ಚಂದ್ರನೇ," ಎಂದ ಅಂಜನಪ್ಪ, ಬೀದಿಯ ಕಡೆ ತಿರುಗಿ. "ನಾನು ಅಳತೆ ಹಿಡ್ದಿದೀನಿ." ಯಾರೂ ಒಪ್ಪಿದಂತೆ ಕಾಣಲಿಲ್ಲ.

ಕೊನೆಗೆ ಶಿವಾಜಿನಗರಕ್ಕೆ ಹೋಗುವುದೆಂದಾಯಿತು. ಕಿರೀಟ ಮಾಡಿದವನ ಮಗ ಅಫ್ತಾಬ್ ಅಲ್ಲೇ ಇನ್ನೂ ಬೆಳ್ಳಿ ಕೆಲಸ ಮಾಡುತ್ತಿದ್ದ. ಅವನು ಏನು ಹೇಳಿದರೆ ಅದು. ಹೊರಡುವ ಮುಂಚೆ ಮಾರಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು: "ಖೋಟಾ ಆಗಿದ್ರೆ ಇವನ ಬಾಗ್ಲಿಗೇ ಎಸೀತೀನಿ, ಇಟ್ಕೊಳ್ಲಿ. ಅಸಲಿ ಆಗಿದ್ರೆ ನಮ್ಮನೇಲೇ ಇರ್ತದೆ, ನಾನೇ ಇಳ್ಸಿದ್ದು."

ಮಾನಪ್ಪನ ಆಟೋದಲ್ಲಿ ಹೊರಟರು. ನಡುವೆ ನಿಖಿತಾ, ಆ ಕಡೆ ಈ ಕಡೆ ಹಿರಿಯರು, ಮಾರಕ್ಕನ ತೊಡೆಯ ಮೇಲೆ ಬುಟ್ಟಿ. ಮಾನಪ್ಪ ಕೆ.ಆರ್. ಪುರದ ತೂಗುಸೇತುವೆ ದಾಟಿಸಿದ. ಆಮೇಲೆ ಕನ್ನಡಿಯಲ್ಲಿ ನೋಡುತ್ತ ಹೇಳಿದ, "ನಮ್ಮ ಕಡಿ ಚೌತಿ ಚಂದ್ರನ್ನ ನೋಡಿದ್ರ ಮಂದಿ ಹೊಲದಾಗಿನ ಸೌತಿಕಾಯಿ ಕದ್ದು ಬೈಸ್ಕೊಂತಾರ್ರಿ. ನೀವು ನಿನ್ನೆ ಬಿಡಿಸಿ ಹೇಳಿದ್ರ ನಾನಾ ಬೈತಿದ್ದೆ."

"ಈಗ ಬೈಯಪ್ಪ," ಎಂದ ಅಂಜನಪ್ಪ.

"ಈಗೇನ್ ಬೈಲಿ ಅಪ್ಪಾರ. ಅಪವಾದ ಬಂದು ಆಟೋದಾಗ ಕುಂತೈತಿ."

ಮಾರಕ್ಕ ಕೇಳಿಸಿಕೊಳ್ಳದವಳಂತೆ ಹೊರಗೆ ನೋಡಿದಳು.

ಹಲಸೂರಿನ ಸಿಗ್ನಲ್‌ನಲ್ಲಿ ಆಟೋ ನಿಂತಾಗ ಅಂಜನಪ್ಪನಿಗೆ ಹೊಸದೊಂದು ಯೋಚನೆ ಬಂತು. ಅಫ್ತಾಬ್ ಅಸಲಿ ಎಂದರೆ ತನ್ನ ಹೆಸರು ಉಳಿಯುತ್ತದೆ, ಕಿರೀಟ ಹೋಗುತ್ತದೆ. ಖೋಟಾ ಎಂದರೆ ತಾನು ಕಳ್ಳ, ಆದರೆ ಕಿರೀಟ ಮನೆಗೆ ಬರುತ್ತದೆ. ಅದೂ ಖೋಟಾ ಕಿರೀಟ. ಆದರೆ ಅದು ಖೋಟಾ ಅಲ್ಲವೆಂದು ತನಗೆ ಗೊತ್ತು. ಹಾಗಾದರೆ ಮನೆಯಲ್ಲಿ ಅಸಲಿ ಕಿರೀಟ ಇರುತ್ತದೆ, ಬೀದಿಗೆ ಮಾತ್ರ ಅದು ಖೋಟಾ. ಮುಂದಿನ ಚೌತಿಗೆ ಅದನ್ನು ಗಣಪತಿಗೆ ಯಾರು ತೊಡಿಸುತ್ತಾರೆ? ಯಾರೂ ತೊಡಿಸುವುದಿಲ್ಲ. ಯಾರೂ ತೊಡಿಸದಿದ್ದರೆ ಯಾರೂ ಇಳಿಸುವುದೂ ಇಲ್ಲ. ಇಳಿಸದಿದ್ದರೆ ಅದು ತನ್ನಲ್ಲೇ ಉಳಿಯುತ್ತದೆ. ಉಳಿದು ಏನು ಮಾಡುವುದು? ಇಲ್ಲಿಗೆ ಬಂದಾಗ ಸಿಗ್ನಲ್ ಹಸಿರಾಯಿತು. ತಾನು ದೇವರಲ್ಲಿ ಏನನ್ನು ಬೇಡಿಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಬೇಡಿಕೊಂಡ.

ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅಫ್ತಾಬನ ಅಂಗಡಿ, ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕಾದಷ್ಟು. ಅಫ್ತಾಬ್ ಎದ್ದು ಮಾರಕ್ಕನಿಗೆ ಸ್ಟೂಲು ಕೊಟ್ಟ.

"ಕ್ಯಾ ಅಂಜನಪ್ಪಣ್ಣ, ಹಬ್ಬದ ಟೈಮಲ್ಲಿ ಈ ಕಡೆ? ಪಾಲಿಶ್ಶಾ?"

"ಪಾಲಿಶ್ ಅಲ್ಲ," ಎಂದಳು ಮಾರಕ್ಕ, ಬುಟ್ಟಿಯನ್ನು ಅವನ ಮುಂದಿಟ್ಟು. "ಇದು ನಿಮ್ಮಪ್ಪ ಮಾಡಿದ್ದೋ ಅಲ್ವೋ ಹೇಳು. ಬೆಳ್ಳೀನೋ ಅಲ್ವೋ ಹೇಳು."

ಅಫ್ತಾಬ್ ಕಿರೀಟ ಎತ್ತಿ ನೋಡಿದ. ಆಮೇಲೆ ಅತ್ತಿಗೆ ಮೈದುನರ ಮುಖ ನೋಡಿದ. ಇಬ್ಬರ ನಡುವೆ ಒಂದು ಒಡವೆ ಇಟ್ಟುಕೊಂಡು ಬರುವವರನ್ನು ಅವನು ಬಹಳ ನೋಡಿದ್ದ. ಮಾರಕ್ಕ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಾಗ, ಅಂಜನಪ್ಪನ ಕಡೆ ಬಗ್ಗಿ ತಗ್ಗಿದ ದನಿಯಲ್ಲಿ ಕೇಳಿದ, "ಏನಂತ ಹೇಳ್ಲಿ ಅಣ್ಣ?"

ಹೊರಗೆ ಹೂವಿನವಳೊಬ್ಬಳು ತಮಿಳಿನಲ್ಲಿ ಯಾರನ್ನೋ ಮನಸಾರೆ ಬೈಯುತ್ತಿದ್ದಳು. ನಿನ್ನೆ ಮಧ್ಯಾಹ್ನ ಇಲ್ಲಿಗೇ ಬಂದಿದ್ದರೆ ಎಲ್ಲ ಸುಲಭವಾಗಿ ಮುಗಿಯುತ್ತಿತ್ತು ಎಂದು ಅಂಜನಪ್ಪನಿಗೆ ಅನ್ನಿಸಿತು.

"ಏನಿದ್ಯೋ ಅದು ಹೇಳಪ್ಪ," ಎಂದ.

ಅಫ್ತಾಬ್ ಕಿರೀಟದ ಒಳಅಂಚನ್ನು ಒರೆಗಲ್ಲಿಗೆ ತಿಕ್ಕಿ, ಗೆರೆಯ ಮೇಲೆ ಆಸಿಡ್ಡಿನ ಒಂದು ಬೊಟ್ಟು ಬಿಟ್ಟ. ಗೆರೆ ರಕ್ತದಂತೆ ಕೆಂಪಾಯಿತು.

"ಕೆಂಪಾಯ್ತು," ಎಂದಳು ಮಾರಕ್ಕ. "ಕೆಟ್ಟೋಯ್ತಾ?"

"ಕೆಂಪಾದ್ರೆ ಚಾಂದಿ ಅಮ್ಮಾ. ಚೊಕ್ಕ ಬೆಳ್ಳಿ. ಅಬ್ಬಾಜಾನ್ ಮಾಡಿದ್ದೇ, ಇಲ್ನೋಡಿ ಅವರ ಉಳಿ ಗುರುತು."

"ಇನ್ನೊಂದ್ ಕಡೆ ಹಚ್ಚು."

ಇನ್ನೊಂದು ಕಡೆಯೂ ಕೆಂಪಾಯಿತು. ಮಾರಕ್ಕ ಬಿಡಲಿಲ್ಲ. "ಮತ್ತೆ ಹಗುರ ಯಾಕೈತೆ?"

"ಮಣ್ಣಿನ ಗಣಪತಿಗೆ ಇಡೋದಲ್ವಾ ಅಮ್ಮಾ? ಭಾರ ಮಾಡಿದ್ರೆ ತಲೆ ಬಿರಿಯುತ್ತೆ. ತೆಳ್ಳಗೆ ತಗಡು ಬಡಿದು ಮಾಡ್ಬೇಕು. ಇದು ಹುಟ್ಟಿದಾಗಿಂದ ಇಷ್ಟೇ."

ಮಾರಕ್ಕ ಕಿರೀಟವನ್ನು ತಿರುಗಿ ಕೈಗೆ ತೆಗೆದುಕೊಂಡು ಉಳಿ ಗುರುತಿನ ಮೇಲೆ ಬೆರಳಾಡಿಸಿದಳು. ಆಮೇಲೆ ಅಂಗಡಿಯವನ ಮುಂದೆ, ಮೊಮ್ಮಗಳ ಮುಂದೆ, ಬಾಗಿಲಲ್ಲಿ ಇಣುಕುತ್ತಿದ್ದ ಮಾನಪ್ಪನ ಮುಂದೆ, ಮೈದುನನಿಗೆ ಹೇಳಿದಳು, "ತಪ್ಪಾಯ್ತು ಕಣೋ. ಮಾಡ್ದಿರೋ ಕಳ್ತನ ನಿನ್ ಮ್ಯಾಲೆ ಹೊರಿಸ್ಬಿಟ್ಟೆ."

ಅಂಜನಪ್ಪ ನಿಖಿತಾಳ ಕಡೆ ತಿರುಗಿದ. "ಕೇಳಿದ್ಯಾ ಅಮ್ಮಿ? ಬಂತಲ್ಲ."

"ತಾತ, ನೀನು ಕಿರೀಟ ಬಿಟ್ಕೊಟ್ಟಿದ್ದಕ್ಕೆ ಅವ್ರಿಗೆ ಡೌಟ್ ಬಂತು. ಚಂದ್ರನ್ನ ನೋಡಿದ್ದಕ್ಕಲ್ಲ."

"ಬಿಟ್ಕೊಟ್ಟಿದ್ಯಾಕೆ?"

"ನೋಡಿದ್ದಕ್ಕೆ."

"ಮತ್ತೆ?"

ನಿಖಿತಾ ಸಹಾಯಕ್ಕಾಗಿ ಅಫ್ತಾಬನ ಕಡೆ ನೋಡಿದಳು. ಅವನಿಗೆ ಈ ಸಂಗತಿಯ ತಲೆಬುಡ ಗೊತ್ತಿರಲಿಲ್ಲ, ಒರೆಗಲ್ಲು ಒರೆಸುತ್ತಿದ್ದ.

ಮಾರಕ್ಕ ಕಿರೀಟವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡಳು. ಅಂಜನಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಅಪವಾದ ಬಂದು ಹೋಯ್ತಲ್ಲ ಅತ್ತಿಗೆ. ದೋಷ ತೀರ್ತು. ಇನ್ ನಮ್ಮನೆಗೇ ತಗೊಂಡೋಗ್ಬಹುದು ನಾನು."

"ಅಸಲಿ ಆದ್ರೆ ನಮ್ಮನೇಲಿ ಅಂತ ಎಲ್ರ ಮುಂದೆ ಹೇಳಿದ್ನಲ್ಲಪ್ಪ."

"ಖೋಟಾ ಆಗಿದ್ರೆ ಕೊಡ್ತಿದ್ರಾ?"

"ಖೋಟಾ ಇಟ್ಕೊಂಡು ನಾನೇನ್ ಮಾಡ್ಲಿ," ಎಂದಳು ಮಾರಕ್ಕ, ಮೆಟ್ಟಿಲಿಳಿಯುತ್ತ. "ನೀನೇನೂ ಕದ್ದಿಲ್ಲ ಅಂತ ಊರಿಗೆಲ್ಲ ಹೇಳ್ತೀನಿ ಬಿಡು. ಆ ಜವಾಬ್ದಾರಿ ನಂದು."

ಹೇಳಿದಂತೆ ಹೇಳಿದಳು. ಅಂಜನಪ್ಪನಷ್ಟು ಪ್ರಾಮಾಣಿಕ ಮನುಷ್ಯ ಮಹದೇವಪುರದಲ್ಲೇ ಇಲ್ಲವೆಂದು, ಇಷ್ಟು ವರ್ಷ ಇಟ್ಟುಕೊಂಡರೂ ಒಂದು ಚೂರು ಬೆಳ್ಳಿ ಕೆರೆದಿಲ್ಲವೆಂದು, ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದಳು. ಬೇಕಾದರೆ ನೋಡಿ ಎಂದು ಒಳಗಿಂದ ಕಿರೀಟ ತರಿಸಿ ತೋರಿಸಿದಳು. ಅರ್ಚಕರು, ಮುಂದೆ ಗೊಂದಲವಾಗಬಾರದೆಂದು, ಫೋನಿನ ಚಂದ್ರನ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಕಾಯ್ದಿರಿಸಿದರು. ನಿಖಿತಾ ಆ್ಯಪನ್ನು ತೆಗೆದುಹಾಕಲಿಲ್ಲ. ಹಬ್ಬಕ್ಕೆ ಬರುವಾಗ ಮಾತ್ರ ಫೋನನ್ನು ಬ್ಯಾಗಿನೊಳಗಿಟ್ಟು ಬರುತ್ತಾಳೆ.

ಈ ವರ್ಷದ ಚೌತಿಯ ದಿನ ಅಂಜನಪ್ಪ ಬೆಳಗಿನಿಂದ ಯಾವ ಪರದೆಯನ್ನೂ ನೋಡಲಿಲ್ಲ. ಸಂಜೆ ಕಿರೀಟವನ್ನು ಮಾರಕ್ಕ ಇಳಿಸಿದಳು.